ಇಸ್ತ್ರಿ ಪೆಟ್ಟಿಗೆಯ ಹಿಂದಿನ ನೀಲಿ

ಬೈಕುಲ್ಲಾ ಸ್ಟೇಷನ್ನಿನ ಹತ್ತಿರ ನನ್ನದೊಂದು ಫೋಟೋ ಸ್ಟುಡಿಯೋ ಇತ್ತು. ಬೋರ್ಡು ದೊಡ್ಡದು, ಜಾಗ ಸಣ್ಣದು. ಒಳಗೆ ಮದುಮಗ ಮದುಮಗಳನ್ನು ನಿಲ್ಲಿಸಿದರೆ ಫೋಟೋ ತೆಗೆಯುವ ನಾನು ಹೊಸ್ತಿಲ ಮೇಲೆ ನಿಲ್ಲಬೇಕಾಗುತ್ತಿತ್ತು. ಹಾಗಿದ್ದರೂ ನನಗೆ, ಬಸವಂತರಾಯ ಎಂಬ ಈ ಸೇಡಂ ಕಡೆಯ ಮನುಷ್ಯನಿಗೆ, ತನ್ನ ಕೆಲಸದ ಬಗ್ಗೆ ಬಹಳ ಜಂಬವಿತ್ತು. ಈಗ ಸ್ವಲ್ಪ ಕಡಿಮೆಯಾಗಿದೆ. ಅದನ್ನು ಕಡಿಮೆ ಮಾಡಿದವನ ಕತೆ ಇದು.

ನನ್ನ ಸ್ಟುಡಿಯೋದಲ್ಲಿ ಏನುಂಟು ಏನಿಲ್ಲ! ತಾಜಮಹಲಿನ ಪರದೆ, ಅದರ ಮುಂದೆ ಪ್ಲಾಸ್ಟಿಕ್ ಗುಲಾಬಿ, ವೈರು ಇಲ್ಲದ ಟೆಲಿಫೋನು, ಒಂದು ಕಾಲು ಮುರಿದ ಸ್ಟೂಲಿನ ಮೇಲೆ ಹಿತ್ತಾಳೆಯ ಹೂದಾನಿ. ಗಿರಾಕಿ ಬಂದರೆ ಇವಿಷ್ಟನ್ನೂ ಅವನ ಸುತ್ತ ತುಂಬಿ, ಇನ್ನೂ ಜಾಗ ಉಳಿದರೆ ಕೈಗೊಂದು ಪುಸ್ತಕ ಕೊಡುತ್ತಿದ್ದೆ. ಫೋಟೋದಲ್ಲಿ ಖಾಲಿ ಜಾಗ ಉಳಿಯಿತೆಂದರೆ ಫೋಟೋಗ್ರಾಫರನಿಗೆ ಕೆಲಸ ಬರುವುದಿಲ್ಲ ಎಂದೇ ನನ್ನ ಲೆಕ್ಕ.

೧೯೭೨ರ ದಸರೆಗೆ ಮುಂಚೆ ಸ್ಟುಡಿಯೋದ ಗೋಡೆ ಮಳೆನೀರಿಗೆ ಉಬ್ಬಿ ಪೊರೆಪೊರೆಯಾಗಿ ಉದುರತೊಡಗಿತು. ಬಣ್ಣ ಹಚ್ಚಲು ನಮ್ಮ ಕಡೆಯವನೇ ಆದ ಖಂಡಪ್ಪನನ್ನು ಕರೆಸಿದೆ. ನಲವತ್ತು ದಾಟಿದ ಸಣಕಲು ಆಸಾಮಿ, ಮಾತು ಕಡಿಮೆ. ಪವಾಯಿಯ ಕಲ್ಲಿನ ಖಣಿಯ ಹತ್ತಿರ ಅವನ ವಾಸ. ಕಾಂಜೂರಿನ ತನಕ ನಡೆದು, ಲೋಕಲ್ ಹಿಡಿದು ಬರುತ್ತಿದ್ದ. ಅವನ ಅಂಗಿಯ ಮೂಲ ಬಣ್ಣ ಯಾವುದೆಂದು ಆ ದೇವರೇ ಹೇಳಬೇಕು. ಹಳದಿ, ಹಸಿರು, ಗುಲಾಬಿ, ಯಾರ ಯಾರ ಮನೆಯ ಬಣ್ಣವೋ, ಎಲ್ಲ ಅದರ ಮೇಲಿತ್ತು.

ಬಂದವನೇ ನನ್ನ ತಾಜಮಹಲನ್ನು ಸುತ್ತಿ ಫುಟ್‌ಪಾತಿನಲ್ಲಿಟ್ಟ. ಗುಲಾಬಿ, ಟೆಲಿಫೋನು, ಸ್ಟೂಲು, ಎಲ್ಲ ಹೊರಗೆ. ಮೂರು ದಿನ ಕೆರೆದು, ಬಳಿದು, ಗೋಡೆಗೆ ತಿಳಿ ಹಸಿರು ಡಿಸ್ಟೆಂಪರು ಹಚ್ಚಿದ. ನಾಲ್ಕನೆಯ ದಿನ ನಾನು ಹೋಗಿ ನೋಡಿದರೆ ಪುಣ್ಯಾತ್ಮ ಕೆಲಸ ಮುಗಿಸಿ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಾನೆ. ಗೋಡೆಯ ಗೂಡಿನಲ್ಲಿ ನಾನು ಚಹಾ ಕುಡಿದು ಮರೆತಿದ್ದ ಸ್ಟೀಲಿನ ಗ್ಲಾಸು. ಅದನ್ನೇ ನೋಡುತ್ತಿದ್ದಾನೆ.

"ಏನೋ ಖಂಡಪ್ಪ, ಗ್ಲಾಸ್ ಎಂದೂ ನೋಡಿಲ್ಲೇನು?" ಎಂದು ರೇಗಿದೆ.

"ಗ್ಲಾಸ್ ನೋಡೀನ್ರಿ ರಾಯರ. ಇದನ್ನ ನೋಡಿದ್ದಿಲ್ಲ," ಎಂದ. ಆಮೇಲೆ ಅಪರೂಪಕ್ಕೆ ನಾಲ್ಕು ಮಾತಾಡಿದ. "ಬಣ್ಣ ಹಚ್ಚೋ ಮುಂದ ಮನಿ ಸಾಮಾನೆಲ್ಲಾ ಹೊರಗ ಒಯ್ತಾರ. ಆದ್ರ ಒಂದ್ ಸಾಮಾನ ಮರೀತಾರ್ರಿ. ಯಾವ ಮನಿಯಾಗ ಹೋದ್ರೂ ಒಂದ್ ಉಳೀತದ. ಕಸಬರಿಗಿ, ಛತ್ರಿ, ಇಂಥದ್ದ ಏನರೆ. ಬಣ್ಣ ಒಣಗೋ ತನಕ ಅದೊಂದ, ಗ್ವಾಡಿ ಒಂದ. ಆಗ ಎರಡೂ ಭಾಳ ಛಂದ ಕಾಣ್ತಾವ. ಮರುದಿನ ಬಂದು ಕ್ಯಾಲೆಂಡರ್ ಹೊಡೀತಾರ, ಕಪಾಟ ನಿಂದ್ರಸ್ತಾರ. ಗ್ವಾಡಿ ಹೋಯ್ತು."

ನಗು ಬಂತು. ಇವನನ್ನು ಸ್ವಲ್ಪ ಆಡಿಸೋಣ ಎಂದು ನನ್ನ ಕ್ಯಾಮೆರಾ ತಂದು ಸ್ಟ್ಯಾಂಡಿನ ಮೇಲಿಟ್ಟೆ. ಎರಡು ಕಣ್ಣಿನ, ಮೇಲಿನಿಂದ ಬಗ್ಗಿ ನೋಡುವ ಪೆಟ್ಟಿಗೆ ಕ್ಯಾಮೆರಾ ಅದು. ಚಿತ್ರ ಚೌಕಾಕಾರ ಬರುತ್ತದೆ. "ತೋರಿಸು ನಿನ್ನ ಛಂದ," ಎಂದೆ. ಅವನು ಸ್ಟ್ಯಾಂಡನ್ನು ಹಿಂದಕ್ಕೆ ಸರಿಸಿ, ಬಗ್ಗಿ ನೋಡಿ, ಮತ್ತೆ ಸರಿಸಿ, "ಈಗ ನೋಡ್ರಿ," ಎಂದ.

ಬಗ್ಗಿ ನೋಡಿದೆ. ಗ್ಲಾಸು ಕೆಳಗೆ ಒಂದು ಮೂಲೆಯಲ್ಲಿತ್ತು. ಉಳಿದದ್ದೆಲ್ಲ ಹಸಿರು. ಬಾಗಿಲ ಬೆಳಕು ಗ್ಲಾಸಿನ ಅಂಚಿಗೆ ಮಾತ್ರ ತಾಗಿತ್ತು. ಇಪ್ಪತ್ತು ವರ್ಷ ಕ್ಯಾಮೆರಾದ ಆ ಗಾಜಿನೊಳಗೆ ಮದುಮಕ್ಕಳನ್ನೂ ಮಕ್ಕಳನ್ನೂ ನೋಡಿದ್ದೆ. ಇಷ್ಟು ನೆಮ್ಮದಿಯ ಚಿತ್ರ ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಹೊಟ್ಟೆಕಿಚ್ಚಾಯಿತು. "ಪರವಾಗಿಲ್ಲ," ಎಂದು ಗಂಟಲು ಸರಿಪಡಿಸಿಕೊಂಡೆ.

ಆ ದಿನ ಚಹಾ ಕುಡಿಯುತ್ತ ಅವನ ಒಳಗಿನ ಮಾತು ಹೊರಬಂತು. ಅವನ ಹೆಂಡತಿ ಗುರುಬಾಯಿ ಖಣಿಯಲ್ಲಿ ಕಲ್ಲು ಹೊರುತ್ತಿದ್ದಳು. ಅವರ ಗುಡಿಸಲಿಗೆ ಗೋಡೆಯೇ ಇರಲಿಲ್ಲ. ನಾಲ್ಕೂ ಕಡೆ ತಗಡು, ಗೋಣಿತಾಟು. ಅವಳು ಕೇಳಿದ್ದಳಂತೆ: "ಹದಿನೆಂಟು ವರ್ಷ ಆತು, ಮುಂಬೈಗೆಲ್ಲಾ ಬಣ್ಣ ಹಚ್ಚೀನಿ ಅಂತಿ. ನನಗ ಒಂದ್ ಗ್ವಾಡಿ ತೋರಸು." ಹೇಗೆ ತೋರಿಸುತ್ತಾನೆ? ಅವನು ಹಚ್ಚಿದ್ದೆಲ್ಲ ಪರರ ಮನೆಯ ಒಳಗೋಡೆ. ಕೆಲಸ ಮುಗಿದ ಮೇಲೆ ಅವನನ್ನೇ ಒಳಗೆ ಬಿಡುವುದಿಲ್ಲ, ಇನ್ನು ಅವನ ಹೆಂಡತಿಯನ್ನು ಯಾರು ಬಿಡುತ್ತಾರೆ?

"ಒಂದ್ ಗ್ವಾಡಿ ಆಕಿಗಿ ತೋರಸಬೇಕ್ರಿ ರಾಯರ. ಅದೊಂದ ಉಳದದ," ಎಂದ ಖಂಡಪ್ಪ.

ನನ್ನ ಸ್ಟುಡಿಯೋದ ಗೋಡೆ ತೋರಿಸು ಎನ್ನುವಷ್ಟು ಬುದ್ಧಿ ನನಗೆ ಹೊಳೆಯಬೇಕಿತ್ತು. ನಾನು ಮರುದಿನವೇ ತಾಜಮಹಲನ್ನು ಅದರ ಮೇಲೆ ಇಳಿಬಿಟ್ಟೆ.

ವಾರ ಕಳೆದು ಚಾಂದಸಾಬ ಬಂದ. ಸ್ಟುಡಿಯೋಗಳಿಗೆ ಫೋಟೋ ಪೇಪರು, ಕೆಮಿಕಲ್ಲು ಸೈಕಲ್ಲಿನ ಮೇಲೆ ತಂದು ಕೊಡುವವನು, ಗುಲಬರ್ಗಾದವನು. ಬಾಯಲ್ಲಿ ಯಾವಾಗಲೂ ಪಾನು. ಮುಖ ಮೇಲಕ್ಕೆತ್ತಿ ಪಾನಿನ ರಸ ಸಂಭಾಳಿಸುತ್ತ, "ಬಸವಂತರಾಯರೇ, ಮಝಗಾಂವದಾಗ ಫೋಟೋ ಕಾಂಪಿಟೇಷನ್ ಅದ. ಜನವರಿಗೆ ಹಾಲ್‌ನಾಗ ಹಚ್ತಾರ, ಯಾರ್ ಬೇಕಾದ್ರೂ ಬಂದು ನೋಡಬಹುದು. ಸಬ್ಜೆಕ್ಟ್ ಗೋದಿ," ಎಂದ.

"ಗೋದಿ? ಹಿಟ್ಟು ಬೀಸೋ ಗೋದಿ? ಅದರ ಫೋಟೋ ಯಾರು ತೆಗೀತಾರೋ ಮಾರಾಯಾ? ಮೊದಲು ಬಾಯಿ ಖಾಲಿ ಮಾಡಿ ಸರಿಯಾಗಿ ಮಾತಾಡು. ಗೋದಿ ಅಲ್ಲ, ಗೋಡಿ!"

ಅವನು ಏನೋ ಹೇಳಲು ಹೋದ. ಬಾಯಿ ತುಂಬಿತ್ತು. ಕೈಯಾಡಿಸಿ ಸೈಕಲ್ ಹತ್ತಿದ.

ನನ್ನ ತಲೆಯಲ್ಲಿ ಆ ತಿಂಗಳೆಲ್ಲ ಗೋಡೆಯೇ ತುಂಬಿತ್ತು, ಏನು ಮಾಡಲಿ? ಖಂಡಪ್ಪನಿಗೆ ಹೇಳಿ ಕಳಿಸಿದೆ. ಗೋಡೆಯ ಬಗ್ಗೆಯೇ ಕಾಂಪಿಟೇಷನ್ನು, ಅದೂ ಯಾರು ಬೇಕಾದರೂ ಬಂದು ನೋಡುವ ಹಾಲಿನಲ್ಲಿ! ಗುರುಬಾಯಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ನನ್ನಲ್ಲಿ ಒಂದು ಕಲರ್ ರೋಲು ಇತ್ತು; ಪರದೇಶದಿಂದ ಬಂದ ನರ್ಸಮ್ಮ ಒಬ್ಬರು ಪ್ರೀತಿಯಿಂದ ಕೊಟ್ಟದ್ದು, ಒಳ್ಳೆಯ ಕೆಲಸಕ್ಕೆಂದು ಎರಡು ವರ್ಷದಿಂದ ಕಟ್ಟಿಟ್ಟಿದ್ದೆ. ಹನ್ನೆರಡೇ ಫೋಟೋ. ಎತ್ತಿ ಅವನ ಕೈಗೆ ಕೊಟ್ಟೆ. ಕೊಟ್ಟ ಮೇಲೆ ರಾತ್ರಿ ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ದೀಪಾವಳಿಯ ಸೀಜನ್ನು, ಅವನಿಗೆ ಮನೆ ಮೇಲೆ ಮನೆ. ಎಲ್ಲಿ ಬಣ್ಣ ಒಣಗುತ್ತಿದೆಯೋ ಅಲ್ಲಿಗೆ ನಾನು ಕ್ಯಾಮೆರಾ ಹಿಡಿದು ಹೋಗುತ್ತಿದ್ದೆ. ಗುಲಾಬಿ ಗೋಡೆಯ ಮೇಲೆ ಮೊಳೆಗೆ ನೇತುಹಾಕಿದ ಕರಿ ಛತ್ರಿಯ ಫೋಟೋ ತೆಗೆದ. ಹಳದಿ ಗೋಡೆಗೆ ಒರಗಿಸಿದ ಕಸಬರಿಗೆ ತೆಗೆದ. ಅದನ್ನು ಚಿತ್ರದ ಬಲಮೂಲೆಗೆ ಎಷ್ಟು ಒತ್ತಿದ್ದನೆಂದರೆ ನನಗೆ ತಡೆಯಲಾಗಲಿಲ್ಲ.

"ಅಯ್ಯೋ, ಮುಕ್ಕಾಲು ಪಾಲು ಖಾಲಿ ಬಿಟ್ಟೆಯಲ್ಲೋ! ಕಲರ್ ರೋಲು ಅದು!"

"ಖಾಲಿ ಎಲ್ಲದ್ರಿ?" ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ. "ಅದಕ್ಕ ಮೂರು ಕೈ ಬಣ್ಣ ಹಚ್ಚೀನಿ."

ಆಮೇಲೆ ನಾನು ಬಾಯಿ ಮುಚ್ಚಿಕೊಂಡೆ. ಒಂದು ಕಡೆ ಮಾತ್ರ ಅಭ್ಯಾಸಬಲದಿಂದ ಕೆಟಲಿಯ ಪಕ್ಕ ಒಂದು ಹೂವಿನ ಕುಂಡ ಇಟ್ಟೆ. ಅವನು ಅದನ್ನೆತ್ತಿ ಹೊರಗಿಟ್ಟ. ಹೊರಗಿನಿಂದ ಏನನ್ನೂ ತರುವಂತಿಲ್ಲ, ಮನೆಯವರು ಮರೆತದ್ದೇ ಆಗಬೇಕು. ಎರಡು ವಸ್ತು ಇದ್ದರೆ ಒಂದನ್ನು ತೆಗೆಯುತ್ತಿದ್ದ. ಬೆಳಕಿಗಾಗಿ ಬೀಡಿಯನ್ನೂ ಸೇದದೆ ಗಂಟೆಗಟ್ಟಲೆ ಕಾಯುತ್ತಿದ್ದ. ಶಾಲೆ ಕಲಿಯದ, ಒಂದು ಫೋಟೋ ಪುಸ್ತಕವನ್ನೂ ಕಂಡಿರದ ಮನುಷ್ಯ! ಇದನ್ನೆಲ್ಲ ಇವನಿಗೆ ಯಾರು ಕಲಿಸಿದರು ಎಂದು ನಾನು ಬೆರಗಾಗುತ್ತಿದ್ದೆ. ಗೋಡೆಯೇ ಕಲಿಸಿರಬೇಕು.

ಹನ್ನೆರಡನೆಯ ಫೋಟೋ ಬೈಕುಲ್ಲಾದ ಒಂದು ಚಾಳಿನಲ್ಲಿ, ಇಸ್ತ್ರಿಯವನ ಖೋಲಿಯಲ್ಲಿ. ಗೋಡೆಗೆ ಎರಡು ನೀಲಿ. ಮೇಲೆ ತಿಳಿ ನೀಲಿ ಡಿಸ್ಟೆಂಪರು. ಸೊಂಟದ ಎತ್ತರಕ್ಕೆ, ಕೈ ತಾಗಿ ಕೊಳೆಯಾಗಬಾರದೆಂದು, ಕಡು ನೀಲಿ ಆಯಿಲ್ ಪೇಂಟು. ಎರಡೂ ಕೂಡುವ ಗೆರೆಯಲ್ಲಿ ಒಂದು ಹಲಗೆ, ಅದಕ್ಕೂ ಕಡು ನೀಲಿ. ಆ ಹಲಗೆಯ ಮೇಲೆ ಇಸ್ತ್ರಿಯವನು ತನ್ನ ಕಬ್ಬಿಣದ ಇಸ್ತ್ರಿ ಪೆಟ್ಟಿಗೆಯನ್ನು ಕೆಂಡ ಸಮೇತ ಬಿಟ್ಟು ಎಲ್ಲಿಗೋ ಹೋಗಿದ್ದ. ಪಕ್ಕದಲ್ಲಿ ಗಾಳಿಯಾಡುವ ತೂತುಗಳ ಸಾಲು, ಮೇಲೆ ಹಿಡಿ, ಸಣ್ಣಗೆ ಹೊಗೆ. ಖಂಡಪ್ಪ ಬಗ್ಗಿ ನೋಡಿ, ಉಸಿರು ಹಿಡಿದು ಬಟನ್ ಒತ್ತಿದ.

ರೋಲನ್ನು ಫೋರ್ಟಿನ ಕಲರ್ ಲ್ಯಾಬಿಗೆ ಕೊಟ್ಟೆ. ಎಂಟು ದಿನಕ್ಕೆ ಹನ್ನೆರಡು ಚಿಕ್ಕ ಪ್ರಿಂಟು ಬಂದವು. ನನಗೆ ಕುಣಿಯುವಷ್ಟು ಖುಷಿ. ಖಂಡಪ್ಪ ಒಂದೊಂದನ್ನೇ ನೋಡಿ, ಕೊನೆಯದನ್ನು ಪಕ್ಕಕ್ಕಿಟ್ಟ. "ಈ ನೀಲಿ ನಂದಲ್ಲರಿ," ಎಂದ.

"ಹತ್ತಿರ ಹತ್ತಿರ ಅದೇ ಅಲ್ಲವೇನೋ?"

"ಹತ್ತಿರ ಅದ. ನಂದಲ್ಲ."

ಮರುದಿನ ಅವನು ಒಂದು ರಟ್ಟಿನ ತುಂಡಿಗೆ ಡಬ್ಬಿಯಲ್ಲಿ ಉಳಿದಿದ್ದ ಎರಡೂ ನೀಲಿಗಳನ್ನು ಬಳಿದು ತಂದ. ಇಬ್ಬರೂ ಲ್ಯಾಬಿಗೆ ಹೋದೆವು. ಬಿಳಿ ಕೋಟಿನ ಲ್ಯಾಬಿನವನ ಮುಂದೆ ಆ ಅಂಗಿ ತೊಟ್ಟ ಖಂಡಪ್ಪ ರಟ್ಟು ಹಿಡಿದು ನಿಂತ. ಲ್ಯಾಬಿನವನು ಮೂಗು ಮುರಿದ. ಪ್ರಿಂಟು ತೆಗೆದ, ಇದು ಹಸಿರಿಗೆ ತಿರುಗಿದೆ ಎಂದು ಖಂಡಪ್ಪ ತಲೆಯಾಡಿಸಿದ. ಇನ್ನೊಂದು ತೆಗೆದ, ಇದು ಕೆಂಪಾಯಿತು. ನಾಲ್ಕನೆಯ ಪ್ರಿಂಟು ತಂದು ರಟ್ಟಿನ ಪಕ್ಕ ಇಟ್ಟಾಗ ಎರಡರಲ್ಲಿ ಯಾವುದು ಯಾವುದೆಂದು ಗೊತ್ತಾಗಲಿಲ್ಲ. ಲ್ಯಾಬಿನವನು ಕನ್ನಡಕ ತೆಗೆದು ಖಂಡಪ್ಪನನ್ನು ನೋಡಿದ. "ಯೇ ಆದ್ಮೀ ಕೌನ್ ಹೈ?" ಎಂದು ನನ್ನನ್ನು ಕೇಳಿದ. ನಮ್ಮ ಊರ ಕಡೆಯವನು ಎಂದು ಎದೆಯುಬ್ಬಿಸಿ ಹೇಳಿದೆ.

ಡಿಸೆಂಬರದಲ್ಲಿ ಒಂದು ಭಾನುವಾರ ಫೋಟೋಗಳನ್ನು ಹಿಡಿದು ಮಝಗಾಂವಕ್ಕೆ ಹೋದೆವು. ಅದೊಂದು ಕಾರ್ಮಿಕರ ವಾಚನಾಲಯ. ಅದರ ಸೆಕ್ರೆಟರಿ ಪಾಲವ ಎಂಬ ಮರಾಠಿ ಗೃಹಸ್ಥರು ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಛತ್ರಿ, ಕಸಬರಿಗೆ, ಕೆಟಲಿ. ಅವರ ಹುಬ್ಬು ಗಂಟಾಯಿತು.

"ಇಸ್‌ಮೇ ಗೋದೀ ಕಹಾಂ ಹೈ?"

"ಎಲ್ಲಾ ಕಡೆ ಇದೆಯಲ್ಲ ಸಾಹೇಬರೇ, ಹಿಂದೆ ನೋಡಿ," ಎಂದೆ ನನ್ನ ಹರಕು ಹಿಂದಿಯಲ್ಲಿ, ಗೋಡೆಯನ್ನು ಬೆರಳಿಟ್ಟು ತೋರಿಸುತ್ತ.

"ಯೇ ತೋ ದೀವಾರ್ ಹೈ! ಗೋದೀ, ಗೋದೀ!" ಎಂದು ಅವರು ಕಿಟಕಿಯ ಕಡೆ ಕೈ ಮಾಡಿದರು. ಕಿಟಕಿಯಾಚೆ ಕ್ರೇನುಗಳು, ಕಟ್ಟಿದ ಹಡಗುಗಳು. ಆಗ ನನ್ನ ತಲೆಗೆ ಹೊಕ್ಕಿತು. ಗೋದೀ ಎಂದರೆ ಹಡಗು ನಿಲ್ಲುವ ಡಾಕು! ಈ ಊರಿಗೆ ಬಂದು ಇಪ್ಪತ್ತು ವರ್ಷ, ದಿನಾ ಕಿವಿಗೆ ಬೀಳುವ ಮಾತು. ನಾವು ಕನ್ನಡದವರು ಡಾಕು ಡಾಕು ಎಂದು ರೂಢಿಯಾಗಿ, ಆ ಚಾಂದಸಾಬ ಸರಿಯಾಗಿ ಹೇಳಿದ್ದನ್ನು ನಾನು ತಿದ್ದಿ ಕೆಡಿಸಿದ್ದೆ. ನೆಲ ಬಾಯಿ ಬಿಡಬಾರದೇ ಅನಿಸಿತು.

ಪಾಲವರು ಫೋಟೋಗಳನ್ನು ಒಟ್ಟುಮಾಡಿ ಹಿಂದಕ್ಕೆ ಕೊಡಹೊರಟವರು ಕೊನೆಯದರ ಹತ್ತಿರ ನಿಂತರು. ಕೈಯಲ್ಲಿ ಎತ್ತಿ ದೂರ ಹಿಡಿದು ನೋಡಿದರು. "ಅರೇ ವಾ!" ಎಂದರು. "ಕಾಯ್ ಬೋಟ್ ಆಹೇ!"

ನಾನೂ ಬಗ್ಗಿ ನೋಡಿದೆ. ಕೆಳಗೆ ಕಡು ನೀಲಿ, ಮೇಲೆ ತಿಳಿ ನೀಲಿ, ನಡುವೆ ಕಪ್ಪು ಕಬ್ಬಿಣ, ಪಕ್ಕದಲ್ಲಿ ತೂತಿನ ಸಾಲು, ಮೇಲೆ ಹೊಗೆ. ಸಾಕ್ಷಾತ್ ಹಡಗು! ಖಂಡಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಅವನ ಕಾಲು ತುಳಿದೆ. ಫೋಟೋ ಒಪ್ಪಿಗೆಯಾಯಿತು. ದೊಡ್ಡದು ಮಾಡಿಸಿ ಕೊಡುತ್ತೇವೆ ಎಂದು ಹೇಳಿ ಅವನನ್ನು ಎಳೆದುಕೊಂಡು ಹೊರಬಂದೆ.

ರಸ್ತೆಯಲ್ಲಿ ತಪ್ಪೊಪ್ಪಿಕೊಂಡೆ. ಗೋಡಿ, ಗೋದಿ, ಎಲ್ಲ ಹೇಳಿದೆ. ಅವನು ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು. ಬಹಳ ದೂರ ನಡೆದ ಮೇಲೆ, "ಹಂಗಾದ್ರ ಅಲ್ಲೂ ಗ್ವಾಡಿ ಯಾರೂ ನೋಡಲ್ಲರಿ. ನೀರು ಅಂತಾರ," ಎಂದ. "ಬ್ಯಾಡ್ರಿ ರಾಯರ. ತಿರಗಿ ಇಸ್ಕೊಳ್ರಿ."

"ಗುರುಬಾಯಿಗೆ ಹೇಳಿದ್ದೀಯೋ ಇಲ್ಲೋ?"

"ಹೇಳೀನಿ. ಆಕಿ ಆವತ್ತ ಖಾಡಾ ಮಾಡ್ತೀನಿ ಅಂದಾಳ, ಕೆಲಸಕ್ಕ ಹೋಗಲ್ಲ."

"ಹಾಗಿದ್ದರೆ ಬಾಯಿ ಮುಚ್ಚಿಕೊಂಡು ಅವಳನ್ನು ಕರಕೊಂಡು ಬಾ," ಎಂದು ಗದರಿದೆ. ಗದರಿಕೆ ನನ್ನ ಮೇಲೆಯೇ ಇತ್ತು.

ಜನವರಿಯಲ್ಲಿ ಪ್ರದರ್ಶನ ಶುರುವಾಯಿತು. ಹಾಲಿನ ತುಂಬ ಹಡಗು, ಕ್ರೇನು, ಮೂಟೆ ಹೊತ್ತ ಕೂಲಿಗಳು, ಎಲ್ಲ ಕಪ್ಪು ಬಿಳುಪು. ನಡುವೆ ನಮ್ಮದೊಂದೇ ನೀಲಿ. ಕೆಳಗೆ ಪಾಲವರು ಚೀಟಿ ಅಂಟಿಸಿದ್ದರು: ಗೋದಿಗೆ ಬರುತ್ತಿರುವ ಹಡಗು. ಡಾಕಿನ ಕೆಲಸಗಾರರು ಅದರ ಮುಂದೆಯೇ ಗುಂಪು ಕಟ್ಟಿದ್ದರು. ಮೊದಲು ಹಡಗು ಎನ್ನುವುದು, ಹತ್ತಿರ ಹೋಗಿ, ಅರೇ ಇದು ಇಸ್ತ್ರೀ ಎಂದು ಒಬ್ಬರ ಬೆನ್ನಿಗೊಬ್ಬರು ಹೊಡೆದು ನಗುವುದು. ಭೇಷ್ ಎನ್ನುವವರು, ಎರಡೆರಡು ಸಲ ಬಂದು ನೋಡುವವರು. ಎಷ್ಟೊಂದು ಮೆಚ್ಚುಗೆ! ನನಗೆ ಹೆಮ್ಮೆಯಾಗುತ್ತಿತ್ತು. ಆದರೆ ಒಬ್ಬನೇ ಒಬ್ಬನ ಬಾಯಲ್ಲೂ ಗೋಡೆ ಎಂಬ ಮಾತು ಬರಲಿಲ್ಲ. ಖಂಡಪ್ಪ ಬಾಗಿಲ ಹತ್ತಿರ ಕೈಕಟ್ಟಿ ನಿಂತು ಎಲ್ಲ ಕೇಳುತ್ತಿದ್ದ. ಅವನ ಮುಖ ನೋಡಲಾಗದೆ ನಾನು ಕ್ರೇನುಗಳನ್ನು ನೋಡುತ್ತಿದ್ದೆ.

ಗುರುಬಾಯಿ ಹಸಿರು ಇಲಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು ಬಂದಿದ್ದಳು. ಜನರನ್ನು ಕಂಡು ಹಿಂಜರಿದಳು. ನಾನು ದಾರಿ ಮಾಡಿಸಿ ಮುಂದಕ್ಕೆ ಕರೆದೆ. "ಇದೇ ನೋಡವ್ವ, ನಿನ್ನ ಗಂಡ ತೆಗೆದದ್ದು." ಪಕ್ಕದವನೊಬ್ಬ ಅವಳಿಗೆ ಉಪಕಾರ ಮಾಡುವಂತೆ, "ಜಹಾಜ್ ಹೈ ಬಾಯಿ, ಸಮುಂದರ್ ಮೇ," ಎಂದು ತಿಳಿಹೇಳಿದ. ನಾನು ತುಟಿ ಕಚ್ಚಿದೆ. ಖಂಡಪ್ಪ ನೆಲ ನೋಡಿದ.

ಅವಳು ಆ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನೂ ನೋಡಿದಂತೆ ಕಾಣಲಿಲ್ಲ. ಅದರ ಕೆಳಗಿನ ಕಡು ನೀಲಿಯನ್ನು ನೋಡಿದಳು, ತಿರುಗಿ ಗಂಡನನ್ನು ನೋಡಿದಳು, ಮತ್ತೆ ನೀಲಿಯನ್ನು ನೋಡಿದಳು.

"ಯವ್ವಾ! ಇದು ನಿನ್ನ ಅಂಗಿ ಮ್ಯಾಲಿನ ನೀಲಿ ಅಲ್ಲೇನು? ಬಲಗಡಿ ತೋಳಿಂದು?" ಎಂದಳು. "ಇದ ಗ್ವಾಡಿಗಿ ಹಚ್ಚಿದ್ದೇನು? ಇಷ್ಟ ದೊಡ್ಡ ಗ್ವಾಡಿ?"

ಖಂಡಪ್ಪ ತಲೆ ಎತ್ತಿದ. ಹೌದೆಂದು ತಲೆಯಾಡಿಸಿದ.

ಹದಿನೆಂಟು ವರ್ಷ ಅವಳು ಖಣಿಯ ಹೊಂಡದ ನೀರಿನಲ್ಲಿ ಆ ಅಂಗಿಗಳನ್ನು ಒಗೆದಿದ್ದಳು. ಮುಂಬಯಿಯ ಮನೆಗಳ ಒಳಗೋಡೆಯ ಬಣ್ಣವೆಲ್ಲ ಅವಳ ಕೈಮೇಲೆ ಹಾಯ್ದುಹೋಗಿತ್ತು, ಅದು ನನಗಾಗಲಿ ಅವನಿಗಾಗಲಿ ಹೊಳೆದಿರಲಿಲ್ಲ. ಅವಳು ಹೇಳಿದ್ದು ಗುಂಪಿನಲ್ಲಿ ಯಾರಿಗೂ ಅರ್ಥವಾಗಲಿಲ್ಲ. ನನ್ನ ಕಣ್ಣು ತುಂಬಿ ಬಂತು. ಇಂಥದ್ದನ್ನೆಲ್ಲ ನಾನು ಸಾಮಾನ್ಯವಾಗಿ ಒಪ್ಪಿಕೊಳ್ಳುವುದಿಲ್ಲ.

ಅವಳು ಸೆರಗಿನ ತುದಿಗೆ ಬೆರಳು ಒರೆಸಿಕೊಂಡು, ಕೈ ಚಾಚಿ ಆ ನೀಲಿಯನ್ನು ಮೆಲ್ಲಗೆ ಮುಟ್ಟಿದಳು. ಬಾಗಿಲಲ್ಲಿದ್ದ ವಾಚನಾಲಯದ ಸಿಪಾಯಿ ಓಡಿ ಬಂದ. "ಹಾಥ್ ಮತ್ ಲಗಾವ್ ಬಾಯಿ, ರಂಗ್ ಜಾಯೇಗಾ!" ಎಂದು ಕೂಗಿದ.

ಬಣ್ಣ ಹೋಗುತ್ತದಂತೆ ಎಂದು ನಾನು ಅವಳಿಗೆ ಹೇಳಿದೆ.

"ಹೋಗಲ್ಲ ಬಿಡ್ರಿ ಅಣ್ಣಾರ," ಎಂದಳು ಗುರುಬಾಯಿ, ಬೆರಳು ತೆಗೆಯದೆ. "ದೀಪಾವಳಿಯಿಂದ ತಿಕ್ಕಲತ್ತೀನಿ."